ತೋಟದ ಯೂರಿಯಾ ಬಾವಿಗೆ ಇಳಿಯುತ್ತಿದೆಯೇ? ಅಂದಾಜು ಮಾಡುವುದು ಹೀಗೆ

ತೋಟಕ್ಕೆ ಹಾಕಿದ ಯೂರಿಯಾದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗಿ ನೀರಿನ ಜೊತೆ ಬಾವಿ ಸೇರಬಹುದು. ಈ ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿದೆ ಎಂದು ನಂಬಿ ಕೂರುವ ಹಾಗಿಲ್ಲ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಹೆಚ್ಚು ಅಪಾಯ ಆರು ತಿಂಗಳೊಳಗಿನ ಕೂಸುಗಳಿಗೆ. ಅದೇ ನೀರಲ್ಲಿ ಕಲಸಿದ ಪುಡಿ ಹಾಲು ಕುಡಿದರೆ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗಿ, ಮೈ ನೀಲಿಗಟ್ಟಬಹುದು.

ಹೆಜ್ಜೆ 1: ಗೊಬ್ಬರದ ಲೆಕ್ಕ
ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎಂಬುದು ಶಿಫಾರಸು. ಯೂರಿಯಾದಲ್ಲಿ ಸಾರಜನಕ ಶೇ 46. ಅಂದರೆ ಮರಕ್ಕೆ ಸುಮಾರು 220 ಗ್ರಾಂ ಯೂರಿಯಾ. ಎಕರೆಗೆ 550 ಮರ ಎಂದಿಟ್ಟುಕೊಂಡರೆ 120 ಕೆ.ಜಿ., 45 ಕೆ.ಜಿ. ಚೀಲದಲ್ಲಿ ಮೂರು ಚೀಲವೂ ಆಗುವುದಿಲ್ಲ. ಇಲ್ಲಿ ತುಂಬಾ ಜನ ತಪ್ಪುವುದು ಸಾರಜನಕ ಇರುವ ಬೇರೆ ಗೊಬ್ಬರಗಳಾದ ಡಿಎಪಿ, 17:17:17 ಮತ್ತು ಕೋಳಿ ಗೊಬ್ಬರವನ್ನು ಎಣಿಸದೆ. 50 ಕೆ.ಜಿ. ಡಿಎಪಿ ಚೀಲದಲ್ಲೇ 9 ಕೆ.ಜಿ. ಸಾರಜನಕ ಇದೆ. ಎಲ್ಲ ಕೂಡಿಸಿ. ಶಿಫಾರಸಿಗಿಂತ ಜಾಸ್ತಿ ಬಿದ್ದದ್ದನ್ನು ಮರ ತಿನ್ನುವುದಿಲ್ಲ, ನೀರಿನ ಜೊತೆ ಕೆಳಗೆ ಹೋಗುತ್ತದೆ.

ಹೆಜ್ಜೆ 2: ಹಾಕಿದ್ದು ಯಾವಾಗ?
ನಮ್ಮ ಮಲೆನಾಡಿಗೆ ಇದೇ ಮುಖ್ಯ ಪ್ರಶ್ನೆ. ನೈಟ್ರೇಟ್ ಮಣ್ಣಿಗೆ ಅಂಟಿ ನಿಲ್ಲುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಆರಿದ್ರಾ, ಪುನರ್ವಸು ಮಳೆ ಹಿಡಿಯುವ ಮುಂಚೆ ಇಡೀ ವರ್ಷದ ಯೂರಿಯಾ ಒಮ್ಮೆಗೇ ಸುರಿದರೆ, ಅಳತೆ ಸರಿಯಿದ್ದರೂ ದೊಡ್ಡ ಪಾಲು ಬೇರಿಗೆ ದಕ್ಕದೆ ಹೋಗಬಹುದು. ಎರಡು ಕಂತು ಮಾಡಿ ಹಾಕುವವರ ತೋಟದಲ್ಲಿ ಅಪಾಯ ಕಡಿಮೆ.

ಹೆಜ್ಜೆ 3: ಮಣ್ಣು ಮತ್ತು ನೀರಿನ ಮಟ್ಟ
ಆಗಸ್ಟ್‌ನಲ್ಲಿ ಬಾವಿಗೆ ಹಗ್ಗ ಇಳಿಸಿ ಅಳೆಯಿರಿ. ನೀರು ಕೈಗೆಟುಕುವಷ್ಟು ಮೇಲಿದ್ದರೆ, ಜಂಬಿಟ್ಟಿಗೆ ಮಣ್ಣಾದರೆ, ನೈಟ್ರೇಟ್ ಬೇಗ ತಲುಪುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಹಾಗಲ್ಲ. ಅಲ್ಲಿ ಮಣ್ಣಿಗೆ ಗಾಳಿ ಸಿಗದೆ ನೈಟ್ರೇಟ್‌ನ ಒಂದು ಪಾಲು ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಹಾಗಾಗಿ ಬಾವಿಯ ಮೇಲ್ಬದಿಯ ಇಳಿಜಾರಿನಲ್ಲಿ ಶುಂಠಿ ಹಾಕಿದ್ದರೆ ನನಗೆ ಗದ್ದೆಗಿಂತ ಅದರ ಮೇಲೇ ಅನುಮಾನ.

ಹೆಜ್ಜೆ 4: ಬಾವಿಯ ಸುತ್ತ
ಕೊಟ್ಟಿಗೆ, ಗೊಬ್ಬರದ ಗುಂಡಿ, ಶೌಚದ ಗುಂಡಿ ಬಾವಿಗಿಂತ ಎತ್ತರದಲ್ಲಿವೆಯೇ? ಬಾವಿಕಟ್ಟೆ ಬಿರುಕು ಬಿಟ್ಟಿದೆಯೇ? ನೈಟ್ರೇಟ್ ಜೊತೆ ಮಲದಿಂದ ಬರುವ ಇ-ಕೊಲೈ ಬ್ಯಾಕ್ಟೀರಿಯಾ ಕೂಡ ಸಿಕ್ಕರೆ ಬರೀ ಯೂರಿಯಾವನ್ನು ದೂರಬೇಡಿ.

ಹೆಜ್ಜೆ 5: ಪರೀಕ್ಷೆ
ಮೇಲಿನದ್ದೆಲ್ಲ ಅಂದಾಜು. ಖಚಿತವಾಗಬೇಕಾದರೆ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೀರು ಪರೀಕ್ಷೆ ಮಾಡಿಸಿ. ಪಂಚಾಯಿತಿಯಲ್ಲಿ ಕಿಟ್ ಇದೆಯೇ ಕೇಳಿ. ಇಲ್ಲವೇ ಶುದ್ಧ ಬಾಟಲಿಯಲ್ಲಿ ತುಂಬಿ, ತಂಪಾಗಿಟ್ಟು, ಮರುದಿನದೊಳಗೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ವರದಿಯಲ್ಲಿ ‘ನೈಟ್ರೇಟ್’ ಎಂದಿದೆಯೇ, ‘ನೈಟ್ರೇಟ್ ರೂಪದ ಸಾರಜನಕ’ ಎಂದಿದೆಯೇ ನೋಡಿ. ಎರಡನೆಯದಾದರೆ 4.43ರಿಂದ ಗುಣಿಸಿ. ಅಲ್ಲಿ 12 ಎಂದರೆ ನಿಜವಾಗಿ 53, ಮಿತಿ ದಾಟಿದೆ.

ದಾಟಿದ್ದರೆ ಕುದಿಸಬೇಡಿ. ನೀರು ಆವಿಯಾದಷ್ಟೂ ನೈಟ್ರೇಟ್ ಗಟ್ಟಿಯಾಗುತ್ತದೆ. ಕೂಸಿಗೆ, ಬಸುರಿಯರಿಗೆ ಅಂದಿನಿಂದಲೇ ಬೇರೆ ಬಾವಿಯ ಪರೀಕ್ಷಿಸಿದ ನೀರು ಅಥವಾ ಆರ್‌ಒ ನೀರು ಕೊಡಿ. ಗೊಬ್ಬರ ಕಂತು ಮಾಡಿ, ಗುಂಡಿಯನ್ನು ಬಾವಿಯ ಕೆಳಬದಿಗೆ ಸಾಗಿಸಿ, ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ.