ಹ್ಯಾಲಿಬಟ್ ಹಿಡಿಯಬೇಕೆ? ರಾಡ್ ಜಗ್ಗಬೇಡಿ, ಸುಮ್ಮನೆ ಸುತ್ತಿ

ಬೇಸಿಗೆ ರಜೆಗೆ ಅಲಾಸ್ಕಾಕ್ಕೆ ಬರುವ ನಮ್ಮವರು ಹೋಮರ್ ಬಂದರಿನಲ್ಲಿ ಬೋಟು ಹತ್ತಿ, ಇಡೀ ದಿನ ಸಮುದ್ರದ ಮೇಲೆ ಕಳೆದು, ಬರಿಗೈಯಲ್ಲಿ ಇಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೀನು ಕಚ್ಚಲೇ ಇಲ್ಲ ಎನ್ನುತ್ತಾರೆ. ಕಚ್ಚಿತ್ತು, ಮೂರು ನಾಲ್ಕು ಸಲ ಕಚ್ಚಿತ್ತು. ಪ್ರತಿ ಸಲವೂ ಅವರೇ ಅದರ ಬಾಯಿಂದ ಗಾಳ ಕಿತ್ತುಕೊಂಡರು. ಹೊಳೆಯಲ್ಲಿ, ಕೆರೆಯಲ್ಲಿ ಗಾಳ ಹಾಕಿ ಪಳಗಿದ ಕೈ ತುದಿ ಅಲುಗಿದ ಕ್ಷಣವೇ ಫಟ್ಟನೆ ಮೇಲಕ್ಕೆತ್ತುತ್ತದೆ. ಹ್ಯಾಲಿಬಟ್ ಗಾಳಕ್ಕೆ ಆ ಅಭ್ಯಾಸ ಆಗಿಬರುವುದಿಲ್ಲ.

ನಂಗು ಮೀನು ತಿಂದು ಬೆಳೆದ ಕರಾವಳಿಯವರಿಗೆ ಹ್ಯಾಲಿಬಟ್‌ನ ಆಕಾರ ಹೊಸದೇನಲ್ಲ. ಚಪ್ಪಟೆ ಮೈ, ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ, ಮೇಲೆ ಕಂದು, ಕೆಳಗೆ ಬಿಳಿ. ಮರಿಯಾಗಿದ್ದಾಗ ಕಣ್ಣುಗಳು ಆಚೆಗೊಂದು ಈಚೆಗೊಂದು ಇರುತ್ತವೆ; ಬೆಳೆಯುತ್ತಾ ಎಡಗಣ್ಣು ನೆತ್ತಿ ದಾಟಿ ಬಲಕ್ಕೆ ಬರುತ್ತದೆ. ಗಾತ್ರಕ್ಕೆ ಮಾತ್ರ ಹೋಲಿಕೆಯೇ ಇಲ್ಲ. 1996ರಲ್ಲಿ ಅಲಾಸ್ಕಾದ ಉನಲಾಸ್ಕಾ ದ್ವೀಪದ ಬಳಿ ರಾಡಿಗೆ ಸಿಕ್ಕ ಒಂದು ಹ್ಯಾಲಿಬಟ್ 459 ಪೌಂಡ್, ಅಂದರೆ 208 ಕಿಲೊ ತೂಗಿತ್ತು. ಅಮೆರಿಕ ಮತ್ತು ಕೆನಡಾ 1923ರಲ್ಲಿ ಈ ಒಂದು ಮೀನಿಗಾಗಿಯೇ ಒಪ್ಪಂದ ಮಾಡಿಕೊಂಡು ಆಯೋಗ ಕಟ್ಟಿದವು. ಇಂದಿಗೂ ಎಲ್ಲಿ ಎಷ್ಟು ಹಿಡಿಯಬಹುದೆಂಬ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಹೊರಡುವ ಮುಂಚೆ

ಹೊರಗಿನಿಂದ ಬಂದ, 16 ವರ್ಷ ತುಂಬಿದ ಎಲ್ಲರಿಗೂ ಲೈಸೆನ್ಸ್ ಬೇಕು. ಜನವರಿಯಲ್ಲಿ ಹ್ಯಾಲಿಬಟ್ ಹಿಡಿಯುವಂತಿಲ್ಲ. ಬಾಡಿಗೆ ಬೋಟುಗಳಿಗೆ ಗಾತ್ರದ ಮಿತಿ, ವಾರದ ರಜಾದಿನಗಳ ನಿಯಮ ವರ್ಷ ವರ್ಷ ಬದಲಾಗುತ್ತವೆ. ಹೋದ ವರ್ಷ ಬಂದವರ ಮಾತು ನಂಬದೆ ಆ ವರ್ಷದ ನಿಯಮ ಓದಿ. ವಾಂತಿಯ ಮಾತ್ರೆಯನ್ನು ಹಿಂದಿನ ರಾತ್ರಿಯೇ ನುಂಗಿ. ಬೋಟು ಹತ್ತಿ ತಲೆ ಸುತ್ತತೊಡಗಿದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ದಿನ ಆರಿಸುವಾಗ ಪಂಚಾಂಗ ನೋಡಿ. ಶಾಸ್ತ್ರಕ್ಕಲ್ಲ, ನೀರಿನ ಲೆಕ್ಕಕ್ಕೆ. ಹೋಮರ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ನೀರು 20 ಅಡಿಗಿಂತಲೂ ಹೆಚ್ಚು ಏರಿಳಿಯುತ್ತದೆ. ಆ ಸೆಳೆತದಲ್ಲಿ ಮೂರು ಪೌಂಡಿನ ಸೀಸವೂ ತಳದಲ್ಲಿ ನಿಲ್ಲದು. ಅಷ್ಟಮಿಯ ಹಿಂದೆಮುಂದೆ ಏರಿಳಿತ ಕಡಿಮೆ, ಗಾಳ ತಳದಲ್ಲಿರುವ ಹೊತ್ತು ಹೆಚ್ಚು. ಎಂಥ ದಿನವಾದರೂ ಭರತಕ್ಕೂ ಇಳಿತಕ್ಕೂ ನಡುವೆ ನೀರು ನಿಂತಂತಾಗುವ ಗಳಿಗೆಯೊಂದಿದೆ. ಆ ಗಳಿಗೆಯಲ್ಲಿ ಊಟದ ಡಬ್ಬಿ ತೆರೆಯಬೇಡಿ.

ಸಾಮಾನು

ಬಾಡಿಗೆ ಬೋಟಿನಲ್ಲಿ ಎಲ್ಲವನ್ನೂ ಅವರೇ ಕೊಡುತ್ತಾರೆ. ಸ್ವಂತ ಬೋಟಿನವರಿಗೆ: ಗಿಡ್ಡನೆಯ ಗಟ್ಟಿ ರಾಡ್, 80ರಿಂದ 100 ಪೌಂಡ್ ತಡೆಯುವ ಹೆಣೆದ ದಾರ, ಒಂದರಿಂದ ಮೂರು ಪೌಂಡ್ ತೂಕದ ಸೀಸಗಳು, 16/0 ಅಳತೆಯ ಸರ್ಕಲ್ ಹುಕ್, ಅಂದರೆ ಮೊನೆ ವೃತ್ತದಂತೆ ಒಳಗೆ ಬಾಗಿದ ಗಾಳ. ಸೀಸವನ್ನು ದಾರದ ಮೇಲೆ ಜಾರುವಂತೆ ತೂಗುಹಾಕಿ. ಅದರ ಕೆಳಗೆ ಗಟ್ಟಿ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಲೋಹದ ಕೊಂಡಿ), ಆಮೇಲೆ ಎರಡು ಮೂರು ಅಡಿ ದಪ್ಪ ನೈಲಾನ್ ತುಂಡು, ಅದರ ತುದಿಗೆ ಗಾಳ. ಹಿಗ್ಗುವ ನೈಲಾನನ್ನೇ ಪೂರ್ತಿ ದಾರವಾಗಿ ಬಳಸಬೇಡಿ. 40 ಮಾರು ಕೆಳಗೆ ಏನಾಗುತ್ತಿದೆ ಎಂಬುದು ಕೈಗೆ ತಿಳಿಯುವುದೇ ಇಲ್ಲ. ಅಂಗಡಿಯಲ್ಲಿ ನೇತುಹಾಕಿರುವ, ಕಟ್ಟಿ ಸಿದ್ಧಪಡಿಸಿದ ಅಗ್ಗದ ಸರಂಜಾಮನ್ನೂ ಕೊಳ್ಳಬೇಡಿ. ಅವುಗಳ ಸ್ವಿವೆಲ್ ದೊಡ್ಡ ಮೀನಿನ ಒಂದೇ ಎಳೆತಕ್ಕೆ ಬಾಯ್ಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಎರೆಗೆ ಸವರುವ ವಾಸನೆಯ ಜೆಲ್ ಬಾಟಲಿಗೆ ಕೊಡುವ ದುಡ್ಡಿಗೆ, ಎರೆಯಾಗಿ ಚುಚ್ಚುವ ಒಳ್ಳೆಯ ಹೆರಿಂಗ್ ಮೀನಿನ ಇನ್ನೊಂದು ಪೊಟ್ಟಣ ತನ್ನಿ.

ಹೆರಿಂಗ್ ಅಂದರೆ ನಮ್ಮ ಬೂತಾಯಿಯ ಹತ್ತಿರದ ನೆಂಟ. ಫ್ರೀಜರಿನಿಂದ ತೆಗೆದದ್ದು ಬೇಗ ಮೆತ್ತಗಾಗಿ ಗಾಳದಿಂದ ಕಳಚಿ ಬೀಳುತ್ತದೆ. ಹಿಂದಿನ ರಾತ್ರಿ ಕಲ್ಲುಪ್ಪಿನಲ್ಲಿ ಹೂತಿಡಿ, ಬೆಳಿಗ್ಗೆ ಚರ್ಮ ಬಿಗಿಯಾಗಿರುತ್ತದೆ. ಇಷ್ಟು ಸುಲಭದ ದಾರಿಯನ್ನೂ ಅರ್ಧ ಜನ ಹಿಡಿಯುವುದಿಲ್ಲ. ಚುಚ್ಚುವಾಗ ಒಂದು ಮಾತು ನೆನಪಿಡಿ: ಗಾಳದ ಮೊನೆಗೂ ಕಡ್ಡಿಗೂ ನಡುವಿನ ಸಂದು ಖಾಲಿ ಇರಬೇಕು. ಅಲ್ಲಿ ಎರೆ ತುಂಬಿಸಿದರೆ ಮೀನಿನ ದವಡೆ ಸಿಕ್ಕಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ತಳ ಮುಟ್ಟಿಸುವುದು, ಕಾಯುವುದು

ಬಹುಪಾಲು ಜನ ಸೋಲುವುದು ಇಲ್ಲಿ. ಗಾಳವನ್ನು ಒಮ್ಮೆಲೇ ಬಿಟ್ಟುಬಿಡಬೇಡಿ. ಹೆಬ್ಬೆರಳನ್ನು ರೀಲಿನ ದಾರದ ಮೇಲೆ ಹಗುರವಾಗಿ ಒತ್ತಿ, ಒಂದೇ ವೇಗದಲ್ಲಿ ಇಳಿಸಿ. ಸರ್ರನೆ ಬಿಟ್ಟರೆ ಗಾಳದ ತುಂಡು ಮೇಲಿನ ದಾರಕ್ಕೇ ಸುತ್ತಿಕೊಳ್ಳುತ್ತದೆ. ತಳದಲ್ಲಿ ಅರ್ಧ ಗಂಟೆ ಕಾದರೂ ಆ ಗಂಟಿಗೆ ಮೀನು ಬೀಳುವುದಿಲ್ಲ. 30ರಿಂದ 50 ಮಾರು ಆಳದಲ್ಲಿ ಸೀಸ ತಳ ಮುಟ್ಟುತ್ತಲೇ ದಾರ ಸಡಿಲವಾಗುತ್ತದೆ. ಆ ಕ್ಷಣವೇ ರೀಲಿನ ಬೀಗ ಹಾಕಿ, ಒಂದೆರಡು ಸುತ್ತು ಎಳೆದು, ದಾರವನ್ನು ನೆಟ್ಟಗೆ ಮಾಡಿ. ಐದು ನಿಮಿಷಕ್ಕೊಮ್ಮೆ ರಾಡ್ ತುದಿಯನ್ನು ನಿಧಾನ ಇಳಿಸಿ, ಸೀಸ ಇನ್ನೂ ತಳ ಬಡಿಯುತ್ತಿದೆಯೇ ನೋಡಿ. ಬಡಿಯದಿದ್ದರೆ ಸೆಳೆತ ಅದನ್ನು ಎತ್ತಿಕೊಂಡು ಹೋಗುತ್ತಿದೆ ಎಂದರ್ಥ. ಆಗ ದಾರ ಬಿಡುತ್ತಲೇ ಇದ್ದರೆ ಪಕ್ಕದವರ ದಾರಕ್ಕೆ ಸಿಕ್ಕು ಬೀಳುತ್ತದೆ; ಮೇಲೆತ್ತಿ ಹೆಚ್ಚು ತೂಕದ ಸೀಸ ಹಾಕಿ.

ಈಗ ಮೀನು ಬಂತು. ಮೊದಲು ಟಕ್, ಟಕ್ ಎಂದು ತುದಿ ಕುಟ್ಟುತ್ತದೆ. ಏನೂ ಮಾಡಬೇಡಿ. ಮತ್ತೆ ಟಕ್ ಟಕ್. ಆಗಲೂ ಏನೂ ಮಾಡಬೇಡಿ. ಹ್ಯಾಲಿಬಟ್ ಎರೆಯನ್ನು ಬಾಯಿಗೆ ತೆಗೆದುಕೊಂಡು ಅಲ್ಲೇ ನಿಲ್ಲುವುದಿಲ್ಲ, ತಿರುಗಿ ಹೊರಡುತ್ತದೆ. ಅದು ಹೊರಟಾಗ ದಾರ ಬಿಗಿಯುತ್ತದೆ, ವೃತ್ತದಂತೆ ಒಳಗೆ ಬಾಗಿದ ಗಾಳ ಬಾಯಿಯೊಳಗಿಂದ ಜಾರುತ್ತಾ ಬಂದು ದವಡೆಯ ಮೂಲೆಯಲ್ಲಿ ತಿರುಗಿ ತಾನಾಗಿಯೇ ನಾಟಿಕೊಳ್ಳುತ್ತದೆ. ನೀವು ಮಧ್ಯೆ ಜಗ್ಗಿದರೆ ಆ ಮೂಲೆ ತಲುಪುವ ಮೊದಲೇ ಗಾಳ ಬಾಯಿಂದ ನೇರವಾಗಿ ಹೊರಬರುತ್ತದೆ. ತುದಿ ಕುಟ್ಟುವುದು ನಿಂತು, ರಾಡ್ ನೀರಿನತ್ತ ಬಾಗಿ, ಬಾಗಿಯೇ ಉಳಿಯಬೇಕು. ಭಾರ ಕೈಗೆ ತಿಳಿಯಬೇಕು. ಆಗ ರಾಡ್ ಎತ್ತದೆ ಹಿಡಿಕೆ ತಿರುಗಿಸಿ, ನಿಧಾನ, ಒಂದೇ ಸಮ. ಹತ್ತು ಸುತ್ತು ಆದ ಮೇಲೆ ರಾಡ್ ಎತ್ತಬಹುದು.

ಕೈ ತಡೆಯದವರಿಗೆ ನನ್ನ ಸಲಹೆ ಒಂದೇ: ರಾಡನ್ನು ಬೋಟಿನ ಅಂಚಿನಲ್ಲಿರುವ ಕೊಳವೆಗೆ ಸಿಗಿಸಿ, ಎರಡೂ ಕೈ ಜೇಬಿನಲ್ಲಿಡಿ. ಹಾಗೆ ಇಟ್ಟ ರಾಡಿಗೆ ಬಿದ್ದ ಮೀನುಗಳೇ ನಮ್ಮ ಬೋಟಿನಲ್ಲಿ ಹೆಚ್ಚು.

ಮೇಲೆ ತರುವುದು

ದಾರ ಸಡಿಲಾಗಲು ಬಿಡಬೇಡಿ. ಮೀನು ಸುಲಭವಾಗಿ ಬರುತ್ತಿದ್ದು, ಬೆಳಕು ಕಂಡೊಡನೆ ಮತ್ತೆ ತಳಕ್ಕೆ ಧುಮುಕುವುದುಂಟು. ಓಡಲಿ, ಆಮೇಲೆ ಮತ್ತೆ ಸುತ್ತಿ. ಬೋಟಿನ ಪಕ್ಕಕ್ಕೆ ಬಂದಾಗ ಅದರ ತಲೆಯನ್ನು ನೀರಿನಿಂದ ಮೇಲೆತ್ತಬೇಡಿ. ಎತ್ತಿದರೆ ಹುಚ್ಚೆದ್ದು ಒದ್ದಾಡುತ್ತದೆ. ತಲೆ ನೀರಿನಲ್ಲಿದ್ದಾಗಲೇ ಕೊಕ್ಕೆ ಹಾಕುವವನು ಹಾಕಬೇಕು. ದೊಡ್ಡದನ್ನು ಜೀವಂತ ಬೋಟಿನೊಳಗೆ ಎಳೆಯುವುದು ಅಪಾಯ, ಅದರ ಬಾಲದ ಹೊಡೆತಕ್ಕೆ ಕಾಲಿನ ಮೂಳೆ ಮುರಿಯುತ್ತದೆ.

ನಾನಾದರೆ ದೊಡ್ಡದನ್ನು ಬಿಟ್ಟುಬಿಡುತ್ತೇನೆ. 100 ಪೌಂಡ್ ಮೀರಿದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, ಮೊಟ್ಟೆಯಿಡುವಂಥವು. ತಿನ್ನಲು 10ರಿಂದ 20 ಪೌಂಡಿನದೇ ಮೃದು, ರುಚಿ. ಹ್ಯಾಲಿಬಟ್‌ಗೆ ಗಾಳಿಚೀಲವಿಲ್ಲ, ಹಾಗಾಗಿ ಆಳದಿಂದ ಬಂದರೂ ಬಿಟ್ಟ ಕೂಡಲೇ ಈಜಿ ಹೋಗುತ್ತದೆ. ನೀರಿನಲ್ಲೇ ಗಾಳ ತಿರುಗಿಸಿ ಬಿಡಿಸಿ. ಅದೇ ಗಾಳಕ್ಕೆ ಬೀಳುವ ರಾಕ್‌ಫಿಶ್‌ಗೆ ಗಾಳಿಚೀಲವಿದೆ. ಮೇಲೆ ಬರುವಷ್ಟರಲ್ಲಿ ಅದು ಉಬ್ಬಿ, ಬಿಟ್ಟರೂ ಮೀನು ತೇಲುತ್ತಲೇ ಸಾಯುತ್ತದೆ. ಅದನ್ನು ಭಾರ ಕಟ್ಟಿ ಆಳಕ್ಕೆ ಇಳಿಸಿ ಬಿಡುವ ಸಾಧನ 2020ರಿಂದ ಅಲಾಸ್ಕಾದಲ್ಲಿ ಕಡ್ಡಾಯ.

ಇಟ್ಟುಕೊಳ್ಳುವ ಮೀನನ್ನು ಕೂಡಲೇ ಕೊಂದು, ಕಿವಿರು ಕತ್ತರಿಸಿ ರಕ್ತ ಬಸಿದು, ಐಸಿನಲ್ಲಿಡಿ. ಒದ್ದಾಡಿ ಸತ್ತು ಬೆಚ್ಚಗೇ ಬಿದ್ದಿದ್ದ ಮೀನಿನ ಸ್ನಾಯುವಿನಲ್ಲಿ ಆಮ್ಲ ಸೇರಿ, ಬೆಂದಾಗ ಮಾಂಸ ಸುಣ್ಣದಂತೆ ಬಿಳಿಚಿ ಒಣಗುತ್ತದೆ.

ಅಡುಗೆಗೆ

ಈ ಮೀನಿಗೆ ವಾಸನೆ ಕಡಿಮೆ, ಕೊಬ್ಬು ಕಡಿಮೆ. ಆದ್ದರಿಂದಲೇ ಬೇಗ ಒಣಗುತ್ತದೆ. ಗಸಿ ಮಾಡುವವರು ತೆಂಗಿನಕಾಯಿ ಮಸಾಲೆಯನ್ನು ಮೊದಲೇ ಚೆನ್ನಾಗಿ ಕುದಿಸಿ, ತುಂಡುಗಳನ್ನು ಕಡೆಗೆ ಹಾಕಿ, ನಾಲ್ಕೈದು ನಿಮಿಷಕ್ಕೆ ಒಲೆ ಆರಿಸಿ. ಹುಣಸೆ ಸ್ವಲ್ಪವೇ ಸಾಕು, ಬಂಗುಡೆಗೆ ಹಾಕುವಷ್ಟು ಹಾಕಿದರೆ ಮೀನಿನ ರುಚಿಯೇ ಸಿಗುವುದಿಲ್ಲ. ನನಗೆ ಉಪ್ಪು, ಅರಿಶಿನ, ಕಾಳುಮೆಣಸು ಸವರಿ, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಹುರಿದದ್ದೇ ಇಷ್ಟ. ಬಂದರಿನಲ್ಲಿ ಮೀನು ಕೊಯ್ದು ಕೊಡುವವರು ಎರಡೂ ಮಗ್ಗುಲಿಂದ ನಾಲ್ಕು ಉದ್ದ ತುಂಡು ತೆಗೆದು ತಲೆಯನ್ನು ಪಕ್ಕಕ್ಕೆ ಹಾಕುತ್ತಾರೆ. ಅದರ ಎರಡು ಕೆನ್ನೆಯ ತುಂಡುಗಳನ್ನೂ ಕೇಳಿ ತೆಗೆಸಿಕೊಳ್ಳಿ, ಇಡೀ ಮೀನಿನಲ್ಲಿ ಅದಕ್ಕಿಂತ ಒಳ್ಳೆಯ ಭಾಗವಿಲ್ಲ.