ತಿಂಗಳು ನೋಡಿ ಊಟಕ್ಕೆ ಹೊರಡುವುದು: ಮಂಗಳೂರು–ಉಡುಪಿಯಲ್ಲಿ ನನ್ನ ಅನುಭವ

ಮಂಗಳೂರು, ಉಡುಪಿಗಳಿಗೆ ಊಟದ ಆಸೆಯಿಂದ ಬರುವವರು ಸಾಮಾನ್ಯವಾಗಿ ಹೋಟೆಲುಗಳ ಪಟ್ಟಿಯೊಂದನ್ನು ಹಿಡಿದುಕೊಂಡೇ ಬರುತ್ತಾರೆ. ಕೆಲಸದ ನಿಮಿತ್ತ ಬಯಲುಸೀಮೆಯಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ ನಾನು ಇಲ್ಲಿನ ತಿನಿಸುಗಳನ್ನು ಅರಸಿ ತಿರುಗಾಡಿದ ಕ್ರಮ ಬೇರೆ. ಮೊದಲು ತಿಂಗಳು ಯಾವುದೆಂದು ನೋಡುತ್ತೇನೆ, ಆಮೇಲೆ ಮಾರುಕಟ್ಟೆಗೆ ಹೋಗುತ್ತೇನೆ, ಹೋಟೆಲು ಕೊನೆಗೆ. ಕರಾವಳಿಯ ಅಡುಗೆ ಮಳೆ, ಕಡಲು ಮತ್ತು ವ್ರತ ಈ ಮೂರರ ಲೆಕ್ಕಕ್ಕೆ ಕಟ್ಟುಬಿದ್ದದ್ದು. ಆ ಲೆಕ್ಕ ತಿಳಿಯದೆ ಬಂದವರಿಗೆ ವರ್ಷವಿಡೀ ಸಿಗುವ ನೀರುದೋಸೆ, ಗೋಳಿಬಜೆ, ಬನ್ಸ್‌ಗಳು ಸಿಗುತ್ತವೆ. ಅವು ರುಚಿಯಲ್ಲಿ ಯಾವುದಕ್ಕೂ ಕಡಿಮೆಯಲ್ಲ, ಆದರೆ ಈ ಊರಿನ ಅಡುಗೆಯ ಬಹುಪಾಲು ಅವುಗಳಾಚೆ ಇದೆ.

ಕೆಸುವಿನ ಎಲೆಗೆ ಹಿಟ್ಟು ಬಳಿದು ಸುತ್ತಿ ಬೇಯಿಸುವ ಪತ್ರೊಡೆಯನ್ನೇ ತೆಗೆದುಕೊಳ್ಳೋಣ. ಬೇಸಗೆಯಲ್ಲಿ ಮಂಗಳೂರಿನ ತರಕಾರಿ ಅಂಗಡಿಯೊಂದರಲ್ಲಿ ಕೆಸುವಿನ ಎಲೆ ಎಲ್ಲಿ ಸಿಗುತ್ತದೆಂದು ವಿಚಾರಿಸಿದಾಗ ಅಲ್ಲಿದ್ದ ಹಿರಿಯ ಹೆಂಗಸು, “ಈಗ ಎಂಥ ಎಲೆ ಮಾರಾಯ್ರೇ, ಆಟಿಯಲ್ಲಿ ಬನ್ನಿ” ಎಂದರು. ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು. ಮಳೆ ಸುರಿಯುವ, ಹಿಂದಿನ ಕಾಲದಲ್ಲಿ ಮನೆಯಲ್ಲಿ ದವಸ ಕಡಿಮೆಯಾಗುತ್ತಿದ್ದ ಆ ದಿನಗಳಲ್ಲಿ ಗುಡ್ಡ ಮತ್ತು ತೋಟದಲ್ಲಿ ತಾನಾಗಿ ಚಿಗುರಿದ್ದೇ ಊಟವಾಗುತ್ತಿತ್ತು: ಕೆಸುವಿನ ಎಲೆ, ತಜಂಕು (ಚಗಟೆ ಸೊಪ್ಪು), ತಿಮರೆ (ಒಂದೆಲಗ), ಕಣಿಲೆ (ಎಳೆ ಬಿದಿರು) ಮತ್ತು ಉಪ್ಪುನೀರಿನಲ್ಲಿ ಇಟ್ಟ ಹಲಸಿನ ಸೊಳೆ. ಇಂದು ಇವೆಲ್ಲ ಆಟಿಯ ಹೆಸರಿನಲ್ಲಿ ಹೋಟೆಲುಗಳ ವಿಶೇಷ ಊಟಕ್ಕೂ ಬಂದಿವೆ. ಅದನ್ನು ನಾನು ಸ್ವಾಗತಿಸುತ್ತೇನೆ, ಏಕೆಂದರೆ ಮನೆಗಳಲ್ಲಿ ಕಡಿಮೆಯಾಗುತ್ತಿರುವ ಅಡುಗೆಗೆ ಹಣ ಕೊಟ್ಟು ತಿನ್ನುವವರಿದ್ದರೆ ಅದನ್ನು ಮಾಡಬಲ್ಲ ಕೈಗಳಿಗೂ ಕೆಲಸ ಉಳಿಯುತ್ತದೆ.

ಆಟಿಯಲ್ಲಿ ಪರಿಚಿತರ ಸಣ್ಣ ಹೋಟೆಲೊಂದರ ಅಡುಗೆಮನೆಯಲ್ಲಿ ಪತ್ರೊಡೆ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಎಲೆಯ ಹಿಂಬದಿಯ ದಪ್ಪ ನರವನ್ನು ಚೂರಿಯಿಂದ ತೆಳ್ಳಗೆ ಸವರಿ, ದೊಡ್ಡ ಎಲೆಯೊಂದನ್ನು ಬೆನ್ನು ಮೇಲಾಗಿ ಹರಡಿ, ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಬೆಲ್ಲ, ಹುಣಸೆಹಣ್ಣಿನ ಜೊತೆ ಅರೆದ ಹಿಟ್ಟನ್ನು ಅಂಗೈಯಿಂದ ಬಳಿಯುತ್ತಾರೆ. ಅದರ ಮೇಲೆ ಎರಡನೆಯ ಎಲೆಯ ತುದಿ ಮೊದಲನೆಯದರ ತೊಟ್ಟಿನ ಕಡೆಗೆ ಬರುವಂತೆ ಇಡುತ್ತಾರೆ, ಮತ್ತೆ ಹಿಟ್ಟು, ಮತ್ತೆ ಎಲೆ. ಕೊನೆಗೆ ಎರಡೂ ಬದಿ ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹುಣಸೆ ಕಡಿಮೆಯಾದರೆ ಅಥವಾ ಬೇಯುವುದು ಸಾಲದಾದರೆ ಗಂಟಲು ತುರಿಸುತ್ತದೆ, ಆದ್ದರಿಂದ ಹುಳಿಯ ವಿಷಯದಲ್ಲಿ ಅಲ್ಲಿ ಯಾರೂ ಕೈ ಬಿಗಿ ಹಿಡಿಯುವುದಿಲ್ಲ. ಆರಿದ ಸುರುಳಿಯನ್ನು ಬಿಲ್ಲೆಗಳಾಗಿ ಕೊಯ್ದಾಗ ಹಸಿರು ಮತ್ತು ಕಂದು ಪದರಗಳು ಒಂದರೊಳಗೊಂದು ಕಾಣಿಸುತ್ತವೆ. ಅದನ್ನು ಕಾವಲಿಯಲ್ಲಿ ಎಣ್ಣೆ ಬಿಟ್ಟು ಕಾಯಿಸುವವರಿದ್ದಾರೆ, ಪುಡಿ ಮಾಡಿ ಕಾಯಿತುರಿ, ಬೆಲ್ಲ ಸೇರಿಸಿ ಒಗ್ಗರಣೆ ಹಾಕುವವರಿದ್ದಾರೆ. ಕೊಂಕಣಿಗರ ಮನೆಯಲ್ಲಿ ಬಿಸಿಬಿಸಿ ಇರುವಾಗಲೇ ಹಸಿ ತೆಂಗಿನೆಣ್ಣೆ ಬಿಟ್ಟುಕೊಂಡು ಅದನ್ನು ತಿಂದಿದ್ದೇನೆ. ನನಗೆ ಅದೇ ಹೆಚ್ಚು ಹಿಡಿಸಿತು. ಒಂದೇ ತಿನಿಸನ್ನು ಬೇರೆ ಬೇರೆ ಸಮುದಾಯದವರ ಕೈಯಲ್ಲಿ ತಿಂದು ನೋಡುವುದು ಹತ್ತು ತಿನಿಸುಗಳನ್ನು ಒಂದೇ ಕಡೆ ತಿನ್ನುವುದಕ್ಕಿಂತ ಹೆಚ್ಚಿನ ತಿಳಿವಳಿಕೆ ಕೊಡುತ್ತದೆ ಎಂಬ ನನ್ನ ಅಭಿಪ್ರಾಯ ಬಲವಾದದ್ದು ಪತ್ರೊಡೆಯಿಂದಲೇ.

ಆಟಿ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹಾಳೆಮರದ ತೊಗಟೆಯ ಕಹಿ ಕಷಾಯ ಕುಡಿದು, ಅನಂತರ ಮೆಂತೆಗಂಜಿ ಉಣ್ಣುವ ರೂಢಿಯೂ ಇಲ್ಲಿದೆ. ಆದರೆ ಮರವನ್ನು ಚೆನ್ನಾಗಿ ಬಲ್ಲವರು ತಂದು ಕೊಟ್ಟದ್ದನ್ನು ಮಾತ್ರ ಕುಡಿಯಬೇಕು, ಏಕೆಂದರೆ ತಪ್ಪಿ ಬೇರೆ ಮರದ ತೊಗಟೆ ತಂದರೆ ಅದು ವಿಷವಾಗಬಹುದು.

ಮೀನೂಟದ ಲೆಕ್ಕ ಕಡಲಿನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆ ಎರಡು ತಿಂಗಳು ನಾಡದೋಣಿಯವರು ತಂದ ಅಷ್ಟಿಷ್ಟು ಮೀನನ್ನು ಬಿಟ್ಟರೆ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಹೊರಗಿನಿಂದ ಮಂಜುಗಡ್ಡೆಯಲ್ಲಿ ಬಂದದ್ದು. ಆ ದಿನಗಳಲ್ಲಿ ಒಣಮೀನಿನ ಚಟ್ನಿ ಮತ್ತು ಕುಚ್ಚಲಕ್ಕಿ ಗಂಜಿಯೇ ಹೆಚ್ಚು ಪ್ರಾಮಾಣಿಕವಾದ ಊಟ. ಮಳೆ ಹಿಂದೆ ಸರಿದು ದೋಣಿಗಳು ನಿಯಮಿತವಾಗಿ ಕಡಲಿಗಿಳಿದ ಮೇಲೆ ಬಂಗುಡೆ, ಬೂತಾಯಿ ಮೀನುಗಳ ಪುಳಿಮುಂಚಿ ಎಂಬ ಹುಳಿಖಾರದ ಗಸಿ ತಿನ್ನಬೇಕು. ಮಂಗಳೂರಿನ ಬಂದರು ಪ್ರದೇಶದ ನಾರಾಯಣ ಹೋಟೆಲಿನಂಥ ಮೀನೂಟದ ಜಾಗಗಳಿಗೆ ನಾನು ಮಧ್ಯಾಹ್ನ ಹನ್ನೆರಡರ ಸುಮಾರಿಗೇ ಹೋಗುತ್ತೇನೆ. ಅದಕ್ಕೆ ಮೊದಲು ಮೀನು ಮಾರುವ ಅಕ್ಕಂದಿರ ಬುಟ್ಟಿಗಳನ್ನು ಒಮ್ಮೆ ನೋಡಿ, “ಇವತ್ತು ಯಾವುದು ಫ್ರೆಶ್ ಉಂಟು ಅಕ್ಕಾ?” ಎಂದು ಕೇಳಿರುತ್ತೇನೆ. ಅವರು ಬಂಗುಡೆ ಎಂದರೆ ಬಂಗುಡೆಯನ್ನೇ ತರಿಸಿಕೊಳ್ಳುತ್ತೇನೆ. ಅಂಜಲ್, ಮಾಂಜಿಗಳ ಬೆಲೆ ಹೆಚ್ಚೆಂಬ ಕಾರಣಕ್ಕೆ ಅವೇ ಮೇಲೆಂದು ತಿಳಿಯಬೇಕಾಗಿಲ್ಲ.

ಚಳಿಗಾಲ ಬಂತೆಂದರೆ ನನ್ನ ದಾರಿ ಕಟಪಾಡಿಯ ಕಡೆಗೆ. ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಲ್ಲಿ ಕಟಪಾಡಿಯಲ್ಲಿಳಿದು ಕಡಲಿನ ಕಡೆಗೆ ತಿರುಗಿದರೆ ಮಟ್ಟು ಗ್ರಾಮ ಸಿಗುತ್ತದೆ. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಅಲ್ಲಿನ ರೈತರು ಬೆಳೆಯುವ ಮಟ್ಟುಗುಳ್ಳ ಎಂಬ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. ಸೋದೆ ಮಠದ ವಾದಿರಾಜರು ಇದರ ಬೀಜವನ್ನು ಕೊಟ್ಟರೆಂಬುದು ಊರಿನ ನಂಬಿಕೆ. ಗುಂಡಗಿನ ತಿಳಿಹಸಿರು ಕಾಯಿ, ಮೈಮೇಲೆ ಬಿಳಿಯ ಗೆರೆಗಳು, ತೊಟ್ಟಿನಲ್ಲಿ ಮುಳ್ಳು. ಕೈಗೆ ಚುಚ್ಚುವ ಆ ಮುಳ್ಳನ್ನು ನೋಡಿಯೇ ನಾನು ಕಾಯಿ ಆರಿಸುವುದನ್ನು ಕಲಿತೆ. ಸಿಪ್ಪೆ ತೆಳುವಾದ್ದರಿಂದ ಬೆಂದಾಗ ಅದು ಹೋಳಿನಿಂದ ಬೇರೆಯಾಗಿ ನಾಲಗೆಗೆ ಸಿಗುವುದಿಲ್ಲ, ಬದನೆಯ ಕಹಿಯೂ ಇಲ್ಲವೆನ್ನುವಷ್ಟು ಕಡಿಮೆ. ತೆಂಗಿನಕಾಯಿ ಅರೆದು ಹಾಕಿದ ಹುಳಿಯೂ ಚೆನ್ನ, ಆದರೆ ಗುಳ್ಳದ ನಿಜವಾದ ರುಚಿ ತಿಳಿಯಬೇಕಾದರೆ ತೆಂಗಿನಕಾಯಿ ಹಾಕದೆ ಮಾಡುವ ಬೋಳುಹುಳಿಯನ್ನೇ ಉಣ್ಣಬೇಕು. ಹಸಿಮೆಣಸು, ಹುಣಸೆರಸ, ಬೇಳೆ ಮತ್ತು ಒಗ್ಗರಣೆಯಷ್ಟೇ ಇರುವ ಆ ಹುಳಿಯಲ್ಲಿ ತರಕಾರಿಗೆ ಅಡ್ಡ ಬರುವುದು ಏನೂ ಇರುವುದಿಲ್ಲ. ಇದು ಹೋಟೆಲುಗಳ ಮೆನುವಿನಲ್ಲಿ ಅಚ್ಚಾಗಿರುವುದು ಅಪರೂಪ. ಉಡುಪಿಯ ರಥಬೀದಿಯ ಸುತ್ತಿನ ಸಣ್ಣ ಊಟದ ಹೋಟೆಲುಗಳಲ್ಲಿ, “ಭಟ್ರೇ, ಇವತ್ತು ಹುಳಿ ಯಾವುದರದ್ದು?” ಎಂದು ಕೇಳಿ ಗುಳ್ಳ ಎಂಬ ಉತ್ತರ ಬಂದರೆ ಮಾತ್ರ ಕುಳಿತುಕೊಳ್ಳುವುದು ನನ್ನ ರೂಢಿ.

ಉಡುಪಿಯ ಅಡುಗೆಯ ಬೇರು ಮಠದಲ್ಲಿದೆ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಅಷ್ಟಮಠಗಳ ನಡುವೆ ಪೂಜೆಯ ಅಧಿಕಾರ ಬದಲಾಗುವ ಪರ್ಯಾಯದ ಹೊತ್ತಿಗೆ ಊರೂರುಗಳಿಂದ ಅಕ್ಕಿ, ತೆಂಗಿನಕಾಯಿ, ತರಕಾರಿಗಳ ಹೊರೆಕಾಣಿಕೆ ಬರುತ್ತದೆ. ಕೃಷ್ಣಮಠದ ಮಧ್ಯಾಹ್ನದ ಪ್ರಸಾದದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆಯೂ ಸಾರು ಎಷ್ಟು ತುಂಬಿಕೊಂಡಿರಬಲ್ಲದು ಎಂಬುದು ತಿಳಿಯುತ್ತದೆ. ಚಾತುರ್ಮಾಸ್ಯದ ನಾಲ್ಕು ತಿಂಗಳ ಅಡುಗೆ ಇನ್ನೂ ಸೂಕ್ಷ್ಮ. ಮೊದಲ ತಿಂಗಳು ತರಕಾರಿ ಬಿಡುವ ಶಾಕವ್ರತ, ಅನಂತರ ಕ್ರಮವಾಗಿ ಮೊಸರು, ಹಾಲು, ಕೊನೆಗೆ ದ್ವಿದಳ ಧಾನ್ಯ ಬಿಡುವ ವ್ರತಗಳು. ಶಾಕವ್ರತದಲ್ಲಿ ಹುಣಸೆ ಮತ್ತು ಮೆಣಸಿನಕಾಯಿಗಳೂ ಇಲ್ಲ. ಹುಳಿಗೆ ಮಾವು, ಖಾರಕ್ಕೆ ಕಾಳುಮೆಣಸು. ಇಷ್ಟನ್ನೇ ಇಟ್ಟುಕೊಂಡು ತಿಂಗಳಿಡೀ ಬೇಸರ ಬಾರದಂತೆ ಬಡಿಸುವ ಅಡುಗೆಯವರ ಜಾಣ್ಮೆಯ ಮುಂದೆ ನನಗೆ ಗೌರವವಲ್ಲದೆ ಬೇರೇನೂ ಮೂಡುವುದಿಲ್ಲ. ಅದೇ ರಥಬೀದಿಯ ಬಳಿಯ ಮಿತ್ರ ಸಮಾಜದ ಗೋಳಿಬಜೆಯನ್ನು ಎಲ್ಲರೂ ಬಲ್ಲರು. ಅದರ ಬಗ್ಗೆ ನಾನು ಹೊಸದಾಗಿ ಹೇಳಬೇಕಾದದ್ದಿಲ್ಲ.

ಕೋರಿರೊಟ್ಟಿಗೆ ಕಾಲದ ಕಟ್ಟಿಲ್ಲ, ಹೊತ್ತಿನ ಕಟ್ಟಿದೆ. ಗರಿಗರಿಯಾದ ಅಕ್ಕಿರೊಟ್ಟಿಯ ಮೇಲೆ ಕೋಳಿಯ ಬಿಸಿ ಗಸಿ ಬಿದ್ದು ಅದು ಅರ್ಧ ಮೆತ್ತಗಾಗುವ ಗಳಿಗೆಯಲ್ಲೇ ತಿನ್ನಬೇಕು, ಮಾತಾಡುತ್ತ ಕುಳಿತರೆ ರುಚಿ ಹೋಯಿತು. ಕೋಳಿಯ ಘೀ ರೋಸ್ಟ್‌ಗಾಗಿ ಕುಂದಾಪುರದವರೆಗೆ ಹೋಗುವುದು ಸಾರ್ಥಕ, ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಲ್ಲಿ ಅದು ಹುಟ್ಟಿತೆಂದು ಎಲ್ಲರೂ ಹೇಳುತ್ತಾರೆ.

ಹೋಟೆಲುಗಳಲ್ಲಿ ಸುಲಭವಾಗಿ ಸಿಗದವಕ್ಕೆ ಮಾರುಕಟ್ಟೆಯೇ ಸೂಚನೆ ಕೊಡುತ್ತದೆ. ಅಷ್ಟಮಿ, ಚೌತಿಗಳ ಮುನ್ನ ಕಡುಬಿನ ಹಿಟ್ಟು ತುಂಬಲು ಎಲೆಯಿಂದ ಹೆಣೆದ ಖಾಲಿ ಮೂಡೆಗಳು ಮಾರಾಟಕ್ಕೆ ಬಂದದ್ದು ಕಂಡರೆ ಆ ವಾರ ಮೂಡೆಕಡುಬು ಎಲ್ಲಿ ಸಿಗುತ್ತದೆಂದು ಮಾರುವವರನ್ನೇ ಕೇಳುತ್ತೇನೆ. ಡಿಸೆಂಬರಿನಲ್ಲಿ ಬೇಕರಿಗಳಲ್ಲಿ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್‌ನ ಪೊಟ್ಟಣಗಳು ಕಾಣಿಸಿಕೊಂಡಾಗ ಕ್ರೈಸ್ತ ಗೆಳೆಯರ ಮನೆಯ ಸನ್ನಾ (ಹಬೆಯಲ್ಲಿ ಬೇಯಿಸಿದ ಅಕ್ಕಿಯ ತಿನಿಸು) ಮತ್ತು ಬಫಾತ್‌ನ (ಮಾಂಸದ ಪದಾರ್ಥ) ಕರೆಯೂ ಹಿಂದೆಯೇ ಬರುತ್ತದೆ. ಹೀಗೆ ಹೋದಲ್ಲೆಲ್ಲ ತಿನಿಸಿನ ಹೆಸರಿನೊಡನೆ ತಿಂಗಳು, ಮಾಡಿದವರ ಸಮುದಾಯ, ಹುಳಿಗೆ ಹಾಕಿದ್ದು ಹುಣಸೆಯೋ ಅಂಬಟೆಯೋ ಪುನರ್ಪುಳಿಯೋ ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅತ್ತ ಕಡೆ ಯಾರಾದರೂ ಹೊರಟರೆ ಆ ಪುಟವನ್ನೇ ತೆರೆದು ಅವರ ಕೈಗೆ ಕೊಡುತ್ತೇನೆ.