ಮೊದಲ ವಾರದ ಲೆಕ್ಕ: ಸಿಂಗಲ್ಸ್ ಕೌಂಟರಿನಲ್ಲಿ ನನ್ನ ಅನುಭವ

ಪಾಪ್ ಹಾಡೊಂದು ಬಿಡುಗಡೆಯಾದ ವಾರದಲ್ಲೇ ದಾಖಲೆ ಮುರಿಯಿತು ಎಂಬ ಸುದ್ದಿ ಬಂದಾಗ ಓದುವವರು ಅದನ್ನು ಹಾಡಿನ ಜನಪ್ರಿಯತೆಯ ಅಳತೆಯೆಂದೇ ತಿಳಿಯುತ್ತಾರೆ. ಇಂಗ್ಲೆಂಡಿನ ಲೆಸ್ಟರ್ ನಗರದ ಸಂಗೀತ ಮಳಿಗೆಯೊಂದರಲ್ಲಿ ತೊಂಬತ್ತರ ದಶಕದ ನಡುಭಾಗದಿಂದ ಹಲವು ವರ್ಷ ಒಂದೊಂದು ಮುಖ್ಯ ಹಾಡಿಗಾಗಿಯೇ ಹೊರಬರುವ ಡಿಸ್ಕುಗಳ, ಅಂದರೆ ಸಿಂಗಲ್‌ಗಳ ಖರೀದಿಯನ್ನು ನೋಡಿಕೊಂಡ ನನಗೆ ಮಾತ್ರ ಅಂಥ ಅಂಕಿಯನ್ನು ಕಂಡರೆ ಮೊದಲು ನೆನಪಾಗುವುದು ಸರಕು: ಕಾರ್ಖಾನೆಯಲ್ಲಿ ಎಷ್ಟು ಡಿಸ್ಕ್ ಒತ್ತಿದ್ದರು, ಮಳಿಗೆಗೆ ಯಾವ ದಿನ ಬಂತು, ಶನಿವಾರ ಸಂಜೆ ಬಾಗಿಲು ಹಾಕುವಾಗ ಕಪಾಟಿನಲ್ಲಿ ಏನಾದರೂ ಉಳಿದಿತ್ತೇ. ಕಪಾಟಿನಲ್ಲಿ ಇಲ್ಲದ ಹಾಡನ್ನು ಎಷ್ಟು ಜನ ಕೇಳಿಕೊಂಡು ಬಂದರೂ ಅದು ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಲೆಕ್ಕ ಹಿಡಿಯುತ್ತಿದ್ದ ಬಗೆ ಹೀಗಿತ್ತು. ಬ್ರಿಟನ್ನಿನಲ್ಲಿ 1983ರವರೆಗೆ ಮಳಿಗೆಯವರು ಪುಸ್ತಕದಲ್ಲಿ ಬರೆದು ಕಳಿಸಿದ್ದೇ ಚಾರ್ಟಿಗೆ, ಅಂದರೆ ವಾರದ ಮಾರಾಟದ ಶ್ರೇಯಾಂಕ ಪಟ್ಟಿಗೆ, ಆಧಾರವಾಗಿತ್ತು. ಆ ವರ್ಷ ಗ್ಯಾಲಪ್ ಸಂಸ್ಥೆ ಮಳಿಗೆಗಳಲ್ಲಿ ಯಂತ್ರಗಳನ್ನು ಇರಿಸಿ ದೂರವಾಣಿ ತಂತಿಯ ಮೂಲಕ ಮಾರಾಟದ ವಿವರ ಪಡೆಯತೊಡಗಿತು. 1994ರಲ್ಲಿ ಆ ಕೆಲಸ ಮಿಲ್ವರ್ಡ್ ಬ್ರೌನ್ ಸಂಸ್ಥೆಯ ಕೈಗೆ ಬಂತು. ನನ್ನ ಕಾಲಕ್ಕೆ ಗಲ್ಲಾದಲ್ಲಿ ಬಾರ್‌ಕೋಡ್ ಓದಿಸಿದ ಪ್ರತಿಯೊಂದು ಮಾರಾಟವೂ ಅಂದಿನ ಲೆಕ್ಕಕ್ಕೆ ಸೇರುತ್ತಿತ್ತು. ವಾರವೆಂದರೆ ಭಾನುವಾರದಿಂದ ಶನಿವಾರದವರೆಗೆ. ಹೊಸ ಸಿಂಗಲ್ ಬಿಡುಗಡೆ ಸೋಮವಾರ. ಭಾನುವಾರ ಸಂಜೆ ಬಿಬಿಸಿಯ ರೇಡಿಯೊ 1ರಲ್ಲಿ ಫಲಿತಾಂಶ. ಹಾಗಾಗಿ ಹೊಸ ಹಾಡಿಗೆ ಮೊದಲ ಚಾರ್ಟಿನಲ್ಲಿ ಸಿಗುತ್ತಿದ್ದದ್ದು ಆರೇ ದಿನ.

ಆ ಆರು ದಿನಗಳಲ್ಲಿ ಮಾರಾಟವನ್ನೆಲ್ಲ ತುಂಬಿಸುವುದು ಹೇಗೆಂಬುದನ್ನು ಕಂಪನಿಗಳು ಚೆನ್ನಾಗಿಯೇ ಕಲಿತಿದ್ದವು. ಹಾಡನ್ನು ವಾರಗಟ್ಟಲೆ ಮೊದಲೇ ರೇಡಿಯೊಗೆ ಕೊಟ್ಟು, ಅಂಗಡಿಯಲ್ಲಿ ಸಿಗದಂತೆ ತಡೆದು, ಕೇಳುಗರ ಹಸಿವನ್ನು ಬೆಳೆಸಿ, ಒಂದು ಸೋಮವಾರ ಒಮ್ಮೆಲೇ ಬಿಡುಗಡೆ ಮಾಡುತ್ತಿದ್ದರು. ಕಂಪನಿಯ ಪ್ರತಿನಿಧಿ ಮುಂಚಿತವಾಗಿ ಬಂದು, ನಮಗೆ ರಿಯಾಯಿತಿಯಲ್ಲೋ ಕೆಲವೊಮ್ಮೆ ಉಚಿತವಾಗಿಯೋ ಪ್ರತಿಗಳನ್ನು ಕೊಡುತ್ತಿದ್ದುದರಿಂದ, ಸಾಮಾನ್ಯವಾಗಿ 3.99 ಪೌಂಡಿಗೆ ಮಾರುವ ಸಿ.ಡಿ.ಯನ್ನು ಮೊದಲ ವಾರ 1.99 ಪೌಂಡಿಗೆ ಕೊಡುವುದು ಸಾಧ್ಯವಾಗುತ್ತಿತ್ತು. ಒಂದೇ ಹಾಡಿಗೆ ಎರಡು ಸಿ.ಡಿ. ತಂದು, ಜೊತೆಯ ಹಾಡುಗಳನ್ನು ಬೇರೆ ಬೇರೆ ಇಟ್ಟು, ಅಭಿಮಾನಿ ಎರಡನ್ನೂ ಕೊಳ್ಳುವಂತೆ ಮಾಡುವುದೂ ಇತ್ತು. ಎರಡನೆಯ ವಾರ ಬೆಲೆ ಏರುತ್ತಿತ್ತು, ಹಾಡು ಇಳಿಯುತ್ತಿತ್ತು. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ, ಏಕೆಂದರೆ ಹಣ ಕೊಟ್ಟು ಕೊಂಡವರು ನಿಜವಾದ ಗಿರಾಕಿಗಳೇ. ಆದರೆ ಮೊದಲ ವಾರದ ಅಂಕಿ ತಾನಾಗಿ ಬೆಳೆದ ಬೆಳೆಯಲ್ಲ ಎಂಬುದನ್ನು ಮರೆಯಬಾರದು.

ಎಷ್ಟು ತರಿಸಬೇಕೆಂದು ನಿರ್ಧರಿಸುವುದು ನನ್ನ ಕೆಲಸವಾಗಿತ್ತು. ರೇಡಿಯೊದಲ್ಲಿ ಎಷ್ಟು ಬಾರಿ ಕೇಳಿಬರುತ್ತದೆ ಎನ್ನುವುದಕ್ಕಿಂತ ಯಾರು ಕೊಳ್ಳುತ್ತಾರೆ, ಯಾವಾಗ ಬರುತ್ತಾರೆ ಎಂಬುದನ್ನು ನಾನು ಹೆಚ್ಚು ನಂಬಿದ್ದೆ. ಹುಡುಗರ ತಂಡಗಳ ಅಭಿಮಾನಿಗಳು ಸೋಮವಾರ ಶಾಲೆ ಬಿಟ್ಟ ಕೂಡಲೇ ಬರುವವರು. ಅವರಿಗಾಗಿ ಸರಕು ಬೆಳಗಿನಲ್ಲೇ ಇರಬೇಕು, ಬುಧವಾರದ ಹೊತ್ತಿಗೆ ಅವರ ಖರೀದಿ ಮುಗಿದಿರುತ್ತದೆ. ನೃತ್ಯಸಂಗೀತ ಕೊಳ್ಳುವವರು ವಾರದ ಕೂಲಿ ಕೈಗೆ ಬಂದ ಮೇಲೆ ಶುಕ್ರವಾರ, ಶನಿವಾರ ಬರುವವರು. ಅಮ್ಮಂದಿರು, ಅಜ್ಜಿಯರು ಕೊಳ್ಳುವ ಹಾಡುಗಳಿಗೆ ಶನಿವಾರವೊಂದೇ ದಿನ, ಆದರೆ ಅವು ಮುಂದಿನ ಶನಿವಾರವೂ ಮಾರಾಟವಾಗುತ್ತವೆ. 1997ರ ಜುಲೈನಲ್ಲಿ ಓಯಸಿಸ್ ತಂಡದ ಹೊಸ ಸಿಂಗಲ್ ಬಂದಾಗ ಈ ಲೆಕ್ಕಾಚಾರ ಕೈಕೊಡಲಿಲ್ಲ. ದೇಶದಲ್ಲಿ ಮೊದಲ ವಾರಕ್ಕೆ ಸುಮಾರು 3.7 ಲಕ್ಷ ಪ್ರತಿ ಹೋದ ಆ ಹಾಡಿಗೆ ನಾನು ಸೋಮವಾರಕ್ಕೇ ಹೆಚ್ಚು ಭಾಗವನ್ನು ತರಿಸಿಟ್ಟಿದ್ದೆ.

ಎರಡು ತಿಂಗಳ ನಂತರ ಬಂದದ್ದಕ್ಕೆ ಇಂಥ ಯಾವ ಲೆಕ್ಕಾಚಾರವೂ ಒದಗಲಿಲ್ಲ. ರಾಜಕುಮಾರಿ ಡಯಾನಾ ಅವರ ಅಂತ್ಯಕ್ರಿಯೆ 1997ರ ಸೆಪ್ಟೆಂಬರ್ 6ರಂದು ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ನಡೆದಾಗ ಎಲ್ಟನ್ ಜಾನ್ ತಮ್ಮ ಹಳೆಯ ಹಾಡನ್ನು ಹೊಸ ಸಾಹಿತ್ಯದೊಂದಿಗೆ ಹಾಡಿ, ಅದೇ ದಿನ ಲಂಡನ್ನಿನ ಸ್ಟುಡಿಯೊದಲ್ಲಿ ಜಾರ್ಜ್ ಮಾರ್ಟಿನ್ ಅವರ ನಿರ್ಮಾಣದಲ್ಲಿ ಧ್ವನಿಮುದ್ರಿಸಿದರು. ಒಂದೇ ವಾರದಲ್ಲಿ, ಸೆಪ್ಟೆಂಬರ್ 13ರಂದು, ಸೋಮವಾರದ ಪದ್ಧತಿಯನ್ನು ಬಿಟ್ಟು ಶನಿವಾರವೇ ಅದು ಅಂಗಡಿಗೆ ಬಂತು. ಕಡಿತದ ಬೆಲೆಯಿಲ್ಲ, ಎರಡನೆಯ ಸಿ.ಡಿ.ಯಿಲ್ಲ, ಪ್ರತಿನಿಧಿಯ ಓಲೈಕೆಯಿಲ್ಲ. ಆದಾಯ ಡಯಾನಾ ಸ್ಮಾರಕ ನಿಧಿಗೆ. ಇಷ್ಟು ಪ್ರತಿ ಬೇಕೆಂದು ನಾವು ಕೇಳುವ ಕ್ರಮ ಆ ವಾರ ಮಾತಿಗಷ್ಟೇ ಉಳಿದಿತ್ತು. ಸಗಟಿನವರು ಕಳಿಸಿದಷ್ಟು ನಮ್ಮದು.

ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿತ್ತು, ಮತ್ತು ಆ ಸಾಲಿನಲ್ಲಿದ್ದ ಹಲವರು ಅದಕ್ಕೆ ಮೊದಲು ಸಿಂಗಲ್ಸ್ ಕೌಂಟರಿಗೆ ಬಂದವರಲ್ಲ. ಹಾಡಿನ ಹೆಸರನ್ನು ಯಾರೂ ಹೇಳಲಿಲ್ಲ, "ಡಯಾನಾ ರೆಕಾರ್ಡ್" ಎಂದರೆ ಸಾಕಾಗಿತ್ತು. ಮನೆಯಲ್ಲಿ ಸಿ.ಡಿ. ಪ್ಲೇಯರ್ ಇದೆಯೇ, ಕ್ಯಾಸೆಟ್ ಕೊಡಲೇ ಎಂದು ಒಬ್ಬೊಬ್ಬರನ್ನೂ ವಿಚಾರಿಸಬೇಕಾಗಿತ್ತು. ನೆರೆಹೊರೆಯವರಿಗೆ, ಊರಿನಲ್ಲಿರುವ ಬಂಧುಗಳಿಗೆ ಎಂದು ಕಟ್ಟುಗಟ್ಟಲೆ ಕೇಳುವವರಿದ್ದರು. ನಾವು ಒಬ್ಬರಿಗೆ ಇಂತಿಷ್ಟೇ ಎಂದು ಮಿತಿ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಸರಕು ತೀರಿತು. ಉಳಿದವರ ಹೆಸರನ್ನು ಬರೆದುಕೊಂಡೆವಾದರೂ, ಪ್ರತಿ ಕೈಗೆ ಕೊಟ್ಟು ಬಾರ್‌ಕೋಡ್ ಓದಿಸುವವರೆಗೆ ಅದನ್ನು ಮಾರಾಟವೆಂದು ತೋರಿಸುವ ಹಾಗಿರಲಿಲ್ಲ.

ಆ ಒಂದೇ ದಿನದಲ್ಲಿ ಬ್ರಿಟನ್ನಿನಲ್ಲಿ ಸುಮಾರು 6.58 ಲಕ್ಷ ಪ್ರತಿ ಮಾರಾಟವಾಗಿ, ಒಂದು ದಿನದ ವ್ಯಾಪಾರದ ಬಲದಿಂದಲೇ ಹಾಡು ಭಾನುವಾರದ ಚಾರ್ಟಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಏಳು ದಿನಗಳ ಮೊತ್ತ 15 ಲಕ್ಷವನ್ನು ದಾಟಿತು. ಸೆಪ್ಟೆಂಬರ್ 23ರಂದು ಬಿಡುಗಡೆಯಾದ ಅಮೆರಿಕದಲ್ಲಿ ಮೊದಲ ವಾರ ಸುಮಾರು 35 ಲಕ್ಷ ಹೋಯಿತು. ಕಾರ್ಖಾನೆಗಳು ಇನ್ನೂ ವೇಗವಾಗಿ ಒತ್ತಲು ಸಾಧ್ಯವಿದ್ದಿದ್ದರೆ ಬ್ರಿಟನ್ನಿನ ಮೊತ್ತ ಇನ್ನೂ ದೊಡ್ಡದಾಗುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮ ಚೀಟಿಯಲ್ಲಿದ್ದವರು ಮುಂದಿನ ವಾರದವರೆಗೂ ಬಂದು ಪ್ರತಿ ಒಯ್ದರು, ಹಾಡು ಐದು ವಾರ ಮೊದಲ ಸ್ಥಾನದಲ್ಲಿ ಉಳಿಯಿತು.

2002ರ ದಾಖಲೆ ಇದಕ್ಕೆ ಪೂರ್ಣ ವಿರುದ್ಧವಾದದ್ದು. 'ಪಾಪ್ ಐಡಲ್' ದೂರದರ್ಶನ ಸ್ಪರ್ಧೆಯನ್ನು ವಿಲ್ ಯಂಗ್ ಗೆದ್ದದ್ದು ಫೆಬ್ರವರಿ 9ರಂದು. ಸಿಂಗಲ್ ಬಂದದ್ದು 25ರ ಸೋಮವಾರ. ಗೆಲ್ಲುವವರು ಯಾರೇ ಆದರೂ ತಡವಾಗದಿರಲೆಂದು ಅಂತಿಮ ಇಬ್ಬರಿಂದಲೂ 'ಎವರ್‌ಗ್ರೀನ್' ಹಾಡನ್ನು ಮೊದಲೇ ಹಾಡಿಸಿಟ್ಟಿದ್ದರು. ನನ್ನ ವೃತ್ತಿಯ ದೃಷ್ಟಿಯಿಂದ ನೋಡಿದರೆ ಅದು ಅಚ್ಚುಕಟ್ಟಾದ ಕೆಲಸ: ಬೇಡಿಕೆ ಎಷ್ಟೆಂದು ದೂರವಾಣಿ ಮತಗಳೇ ಸುಳಿವು ಕೊಟ್ಟಿದ್ದವು, ಒತ್ತಲು ಕಾಲಾವಕಾಶವಿತ್ತು, ನಮಗೆ ಸರಕಿನ ಕೊರತೆ ಒಂದು ದಿನವೂ ಆಗಲಿಲ್ಲ. ಮೊದಲ ದಿನ 4 ಲಕ್ಷಕ್ಕೂ ಹೆಚ್ಚು, ಮೊದಲ ವಾರ 11 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, ಹೊಸ ಗಾಯಕನೊಬ್ಬನ ಚೊಚ್ಚಲ ಸಿಂಗಲ್ ಅದುವರೆಗೆ ಕಂಡಿರದ ವೇಗವನ್ನು ಕಂಡಿತು. ಹಾಡು ನನಗೆ ಹಿಡಿಸಲಿಲ್ಲ ಎಂಬುದು ಬೇರೆ ಮಾತು.

ಡೌನ್‌ಲೋಡ್‌ಗಳು 2005ರಲ್ಲಿ ಚಾರ್ಟಿಗೆ ಸೇರಿದ ಮೇಲೆ ಒತ್ತುವ ಯಂತ್ರ ಮತ್ತು ಲಾರಿಗಳ ಮಿತಿ ಕಳಚಿತು. ಅಡೆಲ್ ಅವರ 'ಹಲೋ' 2015ರ ಅಕ್ಟೋಬರಿನಲ್ಲಿ ಬಂದಾಗ ಅಮೆರಿಕದಲ್ಲಿ ಮೊದಲ ವಾರ 11.1 ಲಕ್ಷ ಡೌನ್‌ಲೋಡ್ ಆಯಿತು. ಒಂದೇ ವಾರದಲ್ಲಿ ಹತ್ತು ಲಕ್ಷ ಡೌನ್‌ಲೋಡ್ ದಾಟಿದ ಮೊದಲ ಹಾಡು ಅದು. ಬ್ರಿಟನ್ನಿನಲ್ಲಿ ಮಾತ್ರ ಅದೇ ಹಾಡಿನ ಮೊದಲ ವಾರದ ಮೊತ್ತ ಸುಮಾರು 3.33 ಲಕ್ಷ. ಅದರಲ್ಲಿ 2.59 ಲಕ್ಷ ಡೌನ್‌ಲೋಡ್, ಉಳಿದದ್ದು ಸ್ಟ್ರೀಮಿಂಗ್. ನೂರು ಸಲ ಕೇಳಿದರೆ ಒಂದು ಮಾರಾಟವೆಂಬುದು ಆಗಿನ ನಿಯಮ. 'ಹಲೋ' ಹಾಡಿಗೆ 'ಎವರ್‌ಗ್ರೀನ್' ಹಾಡಿನ ಮೂರನೆಯ ಒಂದು ಭಾಗದಷ್ಟೂ ಬೇಡಿಕೆ ಇರಲಿಲ್ಲವೆಂದು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೇಳುವವರಿದ್ದಾರೆ. ಆದರೆ ಆ ಹೋಲಿಕೆ ಸರಿಯಲ್ಲ. 2002ರಲ್ಲಿ ಬೇಕಾದಾಗ ಕೇಳಬೇಕೆಂದವರು ಬಹುಪಾಲು ನಮ್ಮಂಥ ಅಂಗಡಿಗೇ ಬಂದು ಹಣ ಕೊಡಬೇಕಿತ್ತು. ಒಮ್ಮೆ ಕೊಂಡವರು ಮನೆಯಲ್ಲಿ ಅದನ್ನು ಎರಡು ಸಲ ಕೇಳಿದರೋ ಇನ್ನೂರು ಸಲ ಕೇಳಿದರೋ ಎಂಬುದು ನಮ್ಮ ಗಲ್ಲಾದ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ.